ಹೇವನ್‌ನ ಕಾಲ್_ಸೆಲೆಕ್ಟ್: ಸಾಧಾರಣ ಲ್ಯಾಪ್‌ಟಾಪಿನಲ್ಲಿ ದೊಡ್ಡ ಸರ್ವೆ ಡೇಟಾ

ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ ಭಾಷೆಯಲ್ಲಿ, ಸ್ಟೇಟಾ ಎಂಬ ಇನ್ನೊಂದು ಸಾಫ್ಟ್‌ವೇರಿನ ಫೈಲು ಓದುವವರಿಗೆ ಹೇವನ್ ಪ್ಯಾಕೇಜ್ ಗೊತ್ತಿರುತ್ತದೆ. ಅದರ ರೀಡ್_ಡಿಟಿಎ ಫಂಕ್ಷನ್ನಿನಲ್ಲಿ ಕಾಲ್_ಸೆಲೆಕ್ಟ್ ಅಂತ ಒಂದು ಸೌಲಭ್ಯ ಇದೆ. ಫೈಲಿನಲ್ಲಿ ಎಷ್ಟೇ ಕಾಲಮ್ ಇರಲಿ, ನಾವು ಹೆಸರು ಹೇಳಿದವು ಮಾತ್ರ ಮೆಮೊರಿಗೆ ಬರುತ್ತವೆ. ಬೆಂಗಳೂರಿನಲ್ಲಿ ಕೂತು ಆರೋಗ್ಯ ಸಮೀಕ್ಷೆಗಳ ಲೆಕ್ಕ ಮಾಡುವ ನಾನು ಹಲವು ವರ್ಷಗಳಿಂದ ಇದನ್ನು ಬಳಸುತ್ತಿದ್ದೇನೆ. ಇದಿಲ್ಲದೆ ನನ್ನ ಕೆಲಸ ನಡೆಯುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 7,24,115 ಮಹಿಳೆಯರ ಮಾಹಿತಿ ಇದೆ. ಹೇವನ್ ಒಂದೊಂದು ಸಂಖ್ಯೆಗೂ 8 ಬೈಟ್ ತೆಗೆದುಕೊಳ್ಳುತ್ತದೆ. ಅಂದರೆ ಒಂದು ಕಾಲಮ್‌ಗೆ ಸುಮಾರು 5.8 ಎಂಬಿ. ಮಹಿಳೆಯರ ಫೈಲಿನಲ್ಲಿ ಕಾಲಮ್‌ಗಳು ಸಾವಿರಗಟ್ಟಲೆ. ಸಾವಿರ ಕಾಲಮ್‌ಗೇ 5.8 ಜಿಬಿ ಆಗಿಹೋಯಿತು. 8 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್ ಅಲ್ಲೇ ಸುಸ್ತು.

ಅಷ್ಟೊಂದು ಕಾಲಮ್ ಎಲ್ಲಿಂದ ಬಂತು? ಹೆರಿಗೆಗಳ ವಿವರ ನೋಡಿ. ಒಬ್ಬ ಮಹಿಳೆಗೆ 20 ಹೆರಿಗೆಗಳ ತನಕ ಜಾಗ ಬಿಟ್ಟಿದ್ದಾರೆ. ಮಗು ಹುಟ್ಟಿದ ತಿಂಗಳನ್ನು ಹೇಳುವ ಬಿ3 ಎಂಬ ಒಂದೇ ವಿವರಕ್ಕೆ ಬಿ3_01ರಿಂದ ಬಿ3_20ರವರೆಗೆ ಇಪ್ಪತ್ತು ಕಾಲಮ್. ಕೊನೆಕೊನೆಯವು ಹೆಚ್ಚುಕಡಿಮೆ ಪೂರ್ತಿ ಖಾಲಿ. ಆದರೆ ಖಾಲಿ ಮನೆಗೂ ಅದೇ 8 ಬೈಟ್! ಆ ಒಂದು ವಿವರಕ್ಕೇ ಸುಮಾರು 116 ಎಂಬಿ. ನಾನು ರಕ್ತಹೀನತೆ ನೋಡುತ್ತಿದ್ದರೆ ಇವೆಲ್ಲ ಯಾಕೆ ಬೇಕು ಹೇಳಿ?

ಮೊದಲು, ಎಷ್ಟು ಸಾಲು ಓದಬೇಕು ಅಂತ ಹೇಳುವ ಎನ್_ಮ್ಯಾಕ್ಸ್ ಅನ್ನು 0 ಅಂತ ಕೊಟ್ಟು ಫೈಲು ಓದಿಸುತ್ತೇನೆ. ಒಂದೂ ಸಾಲು ಬರುವುದಿಲ್ಲ, ಕಾಲಮ್ ಹೆಸರು, ಲೇಬಲ್ ಮಾತ್ರ ಬರುತ್ತವೆ. ಅದನ್ನು ನೋಡಿಕೊಂಡು ಪಟ್ಟಿ ಮಾಡುತ್ತೇನೆ: ವಯಸ್ಸಿಗೆ ವಿ012, ರಾಜ್ಯಕ್ಕೆ ವಿ024, ನಗರವೋ ಹಳ್ಳಿಯೋ ತಿಳಿಯಲು ವಿ025, ಓದಿಗೆ ವಿ106, ರಕ್ತಹೀನತೆಗೆ ವಿ457. ಇವುಗಳ ಜೊತೆಗೆ ಕೇಸ್‌ಐಡಿ, ವಿ005, ವಿ021, ವಿ022 ಕಡ್ಡಾಯ. ಕೇಸ್‌ಐಡಿ ಒಬ್ಬೊಬ್ಬ ಮಹಿಳೆಯ ಗುರುತು. ವಿ005 ಎಂದರೆ ಸ್ಯಾಂಪಲ್ ತೂಕ, ಅಂದರೆ ಲೆಕ್ಕದಲ್ಲಿ ಒಬ್ಬೊಬ್ಬರ ಉತ್ತರಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬ ಸಂಖ್ಯೆ, ಅದನ್ನು 10 ಲಕ್ಷದಿಂದ ಭಾಗಿಸಿ ಬಳಸಬೇಕು. ಉಳಿದೆರಡು ಕ್ಲಸ್ಟರ್ (ಸಮೀಕ್ಷೆಗೆ ಆರಿಸಿಕೊಂಡ ಹಳ್ಳಿ ಅಥವಾ ಬಡಾವಣೆ) ಮತ್ತು ಸ್ಟ್ರಾಟಾ (ಆರಿಸುವ ಮೊದಲು ಮಾಡಿಕೊಂಡ ಗುಂಪುಗಳು). ಮೆಮೊರಿ ಉಳಿಸುವ ಹುಮ್ಮಸ್ಸಿನಲ್ಲಿ ತೂಕವನ್ನೇ ಬಿಟ್ಟರೆ ಸರಾಸರಿ ಸುಮ್ನೆ ಬಂದುಬಿಡುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಉತ್ತರ ಮಾತ್ರ ತಪ್ಪು. ದಯವಿಟ್ಟು ಈ ಒಂದು ವಿಷಯ ನೆನಪಿಡಿ.

ನನಗೆ ಮೆಮೊರಿಗಿಂತ ಜಾಸ್ತಿ ಇಷ್ಟವಾದದ್ದು ಬೇರೆ. ಆ ಪಟ್ಟಿ ಸ್ಕ್ರಿಪ್ಟಿನ ತಲೆಯಲ್ಲೇ ಇರುತ್ತದೆ. ಆರು ತಿಂಗಳು ಬಿಟ್ಟು ಫೈಲು ತೆರೆದರೂ ಈ ಲೆಕ್ಕ ಯಾವ ಯಾವ ಪ್ರಶ್ನೆಗಳ ಮೇಲೆ ನಿಂತಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಹೆಸರು ತಪ್ಪಾಗಿ ಬರೆದಿದ್ದರೆ ಓದುವಾಗಲೇ ಎರರ್ ಕೊಟ್ಟು ನಿಲ್ಲುತ್ತದೆ. ಅದೂ ಒಳ್ಳೆಯದೇ.

“ಮೇಡಂ, ಲ್ಯಾಪ್‌ಟಾಪ್ ಹ್ಯಾಂಗ್ ಆಗ್ತಿದೆ, ಎಸ್.ಪಿ. ರೋಡಿಗೆ ಹೋಗಿ ರ್‍ಯಾಮ್ ಹಾಕಿಸ್ಲಾ?” ಅಂತ ವಿದ್ಯಾರ್ಥಿಗಳು ಕೇಳುತ್ತಿರುತ್ತಾರೆ. “ತಡಿಯಮ್ಮ, ಮೊದಲು ಫೈಲು ಓದಿಸುವ ಆ ಒಂದು ಸಾಲಿಗೆ ಕಾಲ್_ಸೆಲೆಕ್ಟ್ ಸೇರಿಸಿ ನೋಡು” ಅನ್ನುತ್ತೇನೆ. ಹತ್ತು ಕಾಲಮ್ ಎಂದರೆ 60 ಎಂಬಿ ಆಸುಪಾಸು. ಹಳೇ ಲ್ಯಾಪ್‌ಟಾಪ್ ಕೂಡ ಆರಾಮಾಗಿ ತಡೆದುಕೊಳ್ಳುತ್ತದೆ. ಸ್ಟೇಟಾದಲ್ಲೇ ಕೆಲಸ ಮಾಡುವವರಿಗೂ ಇದೇ ದಾರಿ. ಅದರ ಬಿಇ ಆವೃತ್ತಿಯ ಮಿತಿ 2,048 ವೇರಿಯಬಲ್. ಪೂರ್ತಿ ಫೈಲು ತೆರೆಯುವುದೇ ಇಲ್ಲ. ಯೂಸ್ ಎಂದು ಬರೆದು, ಬೇಕಾದ ಹೆಸರುಗಳನ್ನು ಕೊಟ್ಟು, ಆಮೇಲೆ ಯೂಸಿಂಗ್ ಮತ್ತು ಫೈಲಿನ ಹೆಸರು ಹಾಕಿದರೆ ತೆರೆದುಕೊಳ್ಳುತ್ತದೆ.

ಕೊರತೆಗಳೂ ಇವೆ. ಮೆಮೊರಿ ಉಳಿದಷ್ಟು ಸಮಯ ಉಳಿಯುವುದಿಲ್ಲ. ಸ್ಟೇಟಾ ಫೈಲಿನಲ್ಲಿ ಡೇಟಾ ಸಾಲು ಸಾಲಾಗಿ ಕೂತಿರುವುದರಿಂದ, ಮೂರೇ ಕಾಲಮ್ ಕೇಳಿದರೂ ಕೊನೆಯ ಸಾಲಿನ ತನಕ ಹೋಗಲೇಬೇಕು. ಮಧ್ಯದಲ್ಲಿ ಇನ್ನೊಂದು ಕಾಲಮ್ ಬೇಕಾಯಿತೋ, ಮತ್ತೆ ಮೊದಲಿನಿಂದ ಓದಿಸಬೇಕು. ಇನ್ನು ಕರ್ನಾಟಕದ ಸಾಲುಗಳನ್ನು ಮಾತ್ರ ಕೊಡು ಅಂತ ಕೇಳುವ ಹಾಗಿಲ್ಲ. ವಿ024 ಸಮೇತ ಇಡೀ ದೇಶದ್ದನ್ನು ತಂದು ಆಮೇಲೆ ಸೋಸಬೇಕು. ಸೋಸುವಾಗ ಲೇಬಲ್ ನೋಡಿ. 2015-16ರ ಸುತ್ತಿನಲ್ಲಿ ಕರ್ನಾಟಕದ ಸಂಕೇತ 16, 2019-21ರಲ್ಲಿ 29. ಹಳೇ ಸ್ಕ್ರಿಪ್ಟನ್ನು ಹಾಗೇ ಓಡಿಸಿದರೆ ಬೇರೆ ಯಾವುದೋ ರಾಜ್ಯ ಬರುತ್ತದೆ.

ಈಗ ನಾನು ಹೇವನ್‌ನಿಂದ ಒಂದು ಸಲ ಓದಿಸಿ, ಲೇಬಲ್‌ಗಳನ್ನು ಫ್ಯಾಕ್ಟರ್ (ಆರ್‌ನಲ್ಲಿ ವರ್ಗಗಳನ್ನು ಹೆಸರಿನ ಸಮೇತ ಇಡುವ ರೂಪ) ಮಾಡಿ, ಆ್ಯರೋ ಎಂಬ ಇನ್ನೊಂದು ಪ್ಯಾಕೇಜಿನಿಂದ ಪಾರ್ಕೆ ಎಂಬ ಬೇರೆ ನಮೂನೆಯ ಫೈಲಾಗಿ ಉಳಿಸಿಕೊಳ್ಳುತ್ತೇನೆ. ಪಾರ್ಕೆಯಲ್ಲಿ ಡೇಟಾ ಕಾಲಮ್‌ವಾರು ಇರುತ್ತದೆ, ಹಾಗಾಗಿ ಕೇಳಿದ್ದನ್ನಷ್ಟೇ ಓದುತ್ತದೆ, ಸಮಯವೂ ಉಳಿಯುತ್ತದೆ. ಆದರೆ ಸಮೀಕ್ಷೆಯ ಮೂಲ ಫೈಲು ನಮ್ಮ ಕೈಗೆ ಬರುವುದು ಸ್ಟೇಟಾ ರೂಪದಲ್ಲಿ. ಆ ಮೊದಲ ಓದಿಗೆ ಕಾಲ್_ಸೆಲೆಕ್ಟ್ ಬೇಕೇ ಬೇಕು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಓದುವಾಗಲೇ ಸಾಲುಗಳನ್ನೂ ಸೋಸುವ ಸೌಲಭ್ಯ ಬಂದ ದಿನ ಉಳಿದ ಅರ್ಧವನ್ನೂ ಸೇರಿಸುತ್ತೇನೆ.