ಪಾಯಿಂಟ್ ತೆಗೆದು ಆರು ವರ್ಷ: ನಮ್ಮ ಎಂಜಿಬಿಯ ಎಲೆಕ್ಟ್ರಾನಿಕ್ ಇಗ್ನಿಷನ್

ನಮ್ಮದು 1970ರ ಎಂಜಿಬಿ ರೋಡ್‌ಸ್ಟರ್, ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಎರಡು ಸೀಟು, ಬಟ್ಟೆಯ ಟಾಪು, 1798 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬುರೇಟರ್. ನಾನಿರುವುದು ಇಂಗ್ಲೆಂಡಿನ ಡಿಡ್‌ಕಾಟ್‌ನಲ್ಲಿ. ಈ ಕಾರು ತಯಾರಾದ ಆಬಿಂಗ್ಡನ್ ಇಲ್ಲಿಂದ ಹತ್ತು ಮೈಲಿಯೂ ಇಲ್ಲ. ಫ್ಯಾಕ್ಟರಿ 1980ರಲ್ಲೇ ಮುಚ್ಚಿತು. ಕಾರುಗಳು ಮಾತ್ರ ಭಾನುವಾರ ಸ್ವಲ್ಪ ಬಿಸಿಲು ಬಿದ್ದರೂ ಸಾಕು, ಶೆಡ್ಡಿನಿಂದ ಹೊರಗೆ ಬರುತ್ತವೆ.

2019ರ ಏಪ್ರಿಲ್‌ನಲ್ಲಿ ಇದರಲ್ಲಿ ಪ್ಲಗ್‌ಗೆ ಕಿಡಿ ಕೊಡಿಸುವ ಪಾಯಿಂಟ್ ಮತ್ತು ಕಂಡೆನ್ಸರ್ ತೆಗೆದು, ಅದೇ ಕೆಲಸ ಮಾಡುವ ಪರ್ಟ್ರಾನಿಕ್ಸ್ ಇಗ್ನೈಟರ್ ಅನ್ನುವ ಎಲೆಕ್ಟ್ರಾನಿಕ್ ಕಿಟ್ ಹಾಕಿದೆ. ಆರು ವರ್ಷದಲ್ಲಿ ಸುಮಾರು 13 ಸಾವಿರ ಮೈಲಿ ಓಡಿಸಿದ್ದೇನೆ. ಹೊಸದರಲ್ಲಿ ಎಲ್ಲರೂ ಹೊಗಳಿ ಬರೆಯುತ್ತಾರೆ, ಆಮೇಲೆ ಏನಾಯಿತು ಅಂತ ಯಾರೂ ಹೇಳುವುದಿಲ್ಲ. ಅದಕ್ಕೇ ಇಷ್ಟು ದಿನ ಕಾದೆ.

ಪಾಯಿಂಟ್ ಅಂದರೆ ನನಗೇನೂ ಭಯ ಇರಲಿಲ್ಲ. ಮೈಸೂರಿನಲ್ಲಿ ಅಪ್ಪ ಯೆಜ್ಡಿಯ ಪಾಯಿಂಟ್ ಉಜ್ಜುವುದನ್ನು ನೋಡಿಕೊಂಡೇ ಬೆಳೆದವನು. ಯೆಜ್ಡಿ ತಯಾರಾಗುತ್ತಿದ್ದದ್ದೂ ನಮ್ಮೂರಿನ ಯಾದವಗಿರಿಯಲ್ಲೇ. ಪಾಯಿಂಟ್‌ನ ಗ್ಯಾಪ್ ಅಳೆಯಲು ಅಪ್ಪನಿಗೆ ಫೀಲರ್ ಗೇಜ್ ಗೀಜ್ ಏನೂ ಬೇಕಿರಲಿಲ್ಲ. ಜೇಬಿನಲ್ಲಿದ್ದ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿ, ಒಂದು ಕಿಕ್ ಹೊಡೆದರೆ ಗಾಡಿ ಸ್ಟಾರ್ಟ್.

ಎಂಜಿಬಿಯಲ್ಲಿ ನನ್ನನ್ನು ಸೋಲಿಸಿದ್ದು ಪಾಯಿಂಟ್ ಅಲ್ಲ, ಕಂಡೆನ್ಸರ್. ಹೆಬ್ಬೆರಳ ತುದಿಯಷ್ಟಿರುವ ಡಬ್ಬಿ ಅದು. ಪಾಯಿಂಟ್ ತೆರೆದಾಗ ಅಲ್ಲೇ ಕಿಡಿ ಹಾರಿ ಸುಡದಂತೆ ತಡೆಯುತ್ತದೆ. ಹಳೆಯ ಕಾಲದವು ವರ್ಷಗಟ್ಟಲೆ ಬರುತ್ತಿದ್ದವು. ನಾನು ಆನ್‌ಲೈನ್‌ನಲ್ಲಿ ತರಿಸಿದ ಹೊಸದು 300 ಮೈಲಿಗೇ ಕೈಕೊಟ್ಟಿತು. ಆಕ್ಸ್‌ಫರ್ಡ್ ದಾಟಿ ಹೋಗುವಾಗ ಎಂಜಿನ್ ಕೆಮ್ಮಿತು, ಎರಡು ಸಲ ಢಂ ಅಂದಿತು, ನಿಂತಿತು. ಮಳೆ ಬೇರೆ. ಟೋ ಗಾಡಿಗಾಗಿ ಎರಡು ಗಂಟೆ ಕಾದೆವು. ಹೆಂಡತಿ ಏನೂ ಬೈಯಲಿಲ್ಲ. ಅದೇ ಜಾಸ್ತಿ ಭಯವಾಯಿತು.

ಪಾಯಿಂಟ್ ಒಂದು ಸ್ವಿಚ್ ಅಷ್ಟೆ. ನಮ್ಮ ಮೆಕ್ಯಾನಿಕ್‌ಗಳು ಡೆಲ್ಕೊ ಅನ್ನುತ್ತಾರಲ್ಲ, ಆ ಡಿಸ್ಟ್ರಿಬ್ಯೂಟರ್‌ನೊಳಗೆ ನಾಲ್ಕು ಮೂಲೆಯ ಕ್ಯಾಮ್ ತಿರುಗುತ್ತದೆ. ಒಂದೊಂದು ಮೂಲೆ ಬಂದಾಗಲೂ ಪಾಯಿಂಟ್ ತೆರೆದು, ಕಿಡಿಗೆ ಬೇಕಾದ ಹೈ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ಗೆ ಕರೆಂಟ್ ನಿಲ್ಲುತ್ತದೆ, ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. 3000 ಆರ್‌ಪಿಎಂನಲ್ಲಿ ಇದು ಸೆಕೆಂಡಿಗೆ 100 ಸಲ. ಕ್ಯಾಮ್‌ಗೆ ತಾಗುವ ಫೈಬರ್ ತುಂಡು ಸವೆದಂತೆಲ್ಲ ಗ್ಯಾಪ್ ಕಮ್ಮಿಯಾಗುತ್ತದೆ, ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ, ಹಿಂದೆ ಬೀಳುತ್ತದೆ. ಕಾರು ದಿನಾ ಒಂದಿಷ್ಟು ಮಂಕಾಗುತ್ತದೆ, ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ಕಿಟ್‌ನಲ್ಲಿ ತಾಗುವಂಥದ್ದೇ ಇಲ್ಲ. ಕ್ಯಾಮ್ ಮೇಲೆ ಒಂದು ಮ್ಯಾಗ್ನೆಟ್ ಉಂಗುರ ಕೂರುತ್ತದೆ. ಪಕ್ಕದ ಪುಟ್ಟ ಮಾಡ್ಯೂಲ್ ಮ್ಯಾಗ್ನೆಟ್ ಹಾದುಹೋಗುವುದನ್ನು ಗುರುತಿಸಿ ಕರೆಂಟ್ ಕಟ್ ಮಾಡುತ್ತದೆ. ಕ್ಯಾಪ್ ಮುಚ್ಚಿದರೆ ಹೊರಗಿನಿಂದ ಎರಡು ವೈರ್ ಬಿಟ್ಟು ಏನೂ ಕಾಣುವುದಿಲ್ಲ.

ನಾನು ಕೊಂಡಾಗ ಬೆಲೆ 100 ಪೌಂಡಿನ ಆಚೀಚೆ ಇತ್ತು. ಕೊಳ್ಳುವ ಮುಂಚೆ ಡಿಸ್ಟ್ರಿಬ್ಯೂಟರ್ ಮೇಲಿನ ನಂಬರ್ ಓದಿಕೊಳ್ಳಿ. ನನ್ನದು ಲೂಕಾಸ್ 25ಡಿ4. ಆಮೇಲಿನ ಕಾರುಗಳಲ್ಲಿ 45ಡಿ4 ಬರುತ್ತದೆ, ಅದರ ಕಿಟ್ ಬೇರೆ. 1967ರವರೆಗಿನ ಎಂಜಿಬಿ ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ಕಡೆ ಕಾರಿನ ಮೈಗೆ ಸೇರಿರುತ್ತದೆ, ಅದಕ್ಕೂ ಬೇರೆಯದೇ ಬೇಕು. ವೈರ್ ಉಲ್ಟಾ ಕೊಟ್ಟರೆ ಮಾಡ್ಯೂಲ್ ಅಲ್ಲೇ ಸುಟ್ಟುಹೋಗುತ್ತದೆ. ಕಾಯಿಲ್‌ನ ರೆಸಿಸ್ಟೆನ್ಸ್ ಕೂಡ ಮೀಟರ್ ಇಟ್ಟು ನೋಡಿ, ಈ ಕಿಟ್‌ಗೆ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ 3 ಓಮ್ ಆದರೂ ಇರಬೇಕು.

ಕೂರಿಸಲು ಅರ್ಧ ಗಂಟೆ ಸಾಕು ಅನ್ನುತ್ತಾರೆ. ನನಗೆ ಮಧ್ಯಾಹ್ನವೆಲ್ಲ ಬೇಕಾಯಿತು. ಪಾಯಿಂಟ್ ಹಿಡಿದಿರುವ ಸ್ಕ್ರೂ ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ, ಅಷ್ಟೆ. ಅದು ಬೆರಳಿನಿಂದ ಜಾರಿ, ಪಾಯಿಂಟ್ ಕೂರುವ ಬೇಸ್ ಪ್ಲೇಟ್‌ನ ಸಂದಿಗೆ ಬಿತ್ತು. ಒಳಗೇ ಬಿಟ್ಟರೆ, ವೇಗ ಹೆಚ್ಚಿದಂತೆ ಕಿಡಿಯನ್ನು ಮುಂಚೆ ಹಾರಿಸುವ ಅಡ್ವಾನ್ಸ್ ತೂಕಗಳ ನಡುವೆ ಸಿಕ್ಕಿ ಹಾಳುಮಾಡುತ್ತದೆ. ಡಿಸ್ಟ್ರಿಬ್ಯೂಟರನ್ನೇ ಬಿಚ್ಚಿ, ಮಗುಚಿ, ತಟ್ಟಿ ಹೊರಗೆ ತೆಗೆದೆ. ಈಗ ಆ ಕೆಲಸಕ್ಕೆ ಕೈ ಹಾಕುವ ಮುಂಚೆ ಸ್ಕ್ರೂಡ್ರೈವರ್ ತುದಿಗೆ ಚೂರು ಗ್ರೀಸ್ ಹಚ್ಚಿಕೊಳ್ಳುತ್ತೇನೆ. ಎಲ್ಲ ಆದ ಮೇಲೆ, ಕಿಡಿ ಹಾರಿದಾಗಲೆಲ್ಲ ಮಿಂಚುವ ಸ್ಟ್ರೋಬ್ ಲೈಟ್ ಹಿಡಿದು ಟೈಮಿಂಗ್ ಹೊಸದಾಗಿ ಸೆಟ್ ಮಾಡಲೇಬೇಕು. ಮಾಡ್ಯೂಲ್ ಕಿಡಿ ಕೊಡುವ ಜಾಗ ಪಾಯಿಂಟ್‌ನದ್ದಲ್ಲ.

ಸಂಜೆ ಅಪ್ಪನಿಗೆ ಫೋನ್ ಮಾಡಿ ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಸರಿ ಕಣೋ, ಅದು ಕೆಟ್ರೆ ಏನ್ ಉಜ್ತೀಯ?" ಅಂದರು.

ಅವತ್ತು ನಕ್ಕೆ. ಎರಡನೇ ವರ್ಷ ನಗು ಬರಲಿಲ್ಲ. ಪೆಟ್ರೋಲ್ ಪಂಪ್ ಟಿಕ್ ಟಿಕ್ ಅನ್ನುತ್ತಿದೆಯಾ ಅಂತ ಕೇಳಲು ಕೀ ಆನ್ ಮಾಡಿ ಹಿಂದಿನ ಚಕ್ರದ ಹತ್ತಿರ ಕೂತಿದ್ದೆ. ಅಷ್ಟರಲ್ಲಿ ಕಾಫಿಗೆ ಕರೆದರು, ಒಳಗೆ ಹೋದೆ. ಮುಕ್ಕಾಲು ಗಂಟೆ ಬಿಟ್ಟು ಬಂದರೆ ಕಾಯಿಲ್ ಕೈ ಇಡಲಾಗದಷ್ಟು ಬಿಸಿ, ಮಾಡ್ಯೂಲ್ ಸತ್ತಿತ್ತು. ಎಂಜಿನ್ ಓಡದೆ ಕೀ ಆನ್ ಇಡಬೇಡಿ ಅಂತ ಕಿಟ್ ಜೊತೆ ಬಂದ ಹಾಳೆಯಲ್ಲೇ ಬರೆದಿದೆ. ತಪ್ಪು ನೂರಕ್ಕೆ ನೂರು ನನ್ನದೇ. ಆದರೂ ಹೊಸದಕ್ಕೆ ಮತ್ತೆ ದುಡ್ಡು ಬಿಚ್ಚಬೇಕಾಯಿತು.

ಅದಾದ ಮೇಲೆ ಮಾಡ್ಯೂಲ್ ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಚಳಿಗಾಲದಲ್ಲಿ ಆರು ವಾರ ನಿಂತ ಕಾರು ಚೋಕ್ ಎಳೆದು ಕೀ ತಿರುಗಿಸಿದರೆ ಹೊತ್ತಿಕೊಳ್ಳುತ್ತದೆ. ಟ್ರಾಫಿಕ್‌ನಲ್ಲಿ ಐಡ್ಲಿಂಗ್ ಕುಂಟುವುದಿಲ್ಲ. ವರ್ಷಕ್ಕೊಮ್ಮೆ ಸ್ಟ್ರೋಬ್ ಹಿಡಿದು ನೋಡುತ್ತೇನೆ, ಟೈಮಿಂಗ್ ಇಟ್ಟಲ್ಲೇ ಇರುತ್ತದೆ. ಪವರ್ ಜಾಸ್ತಿಯಾಯಿತಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಸರಿಯಾಗಿ ಸೆಟ್ ಮಾಡಿದ ಹೊಸ ಪಾಯಿಂಟ್‌ಗೂ ಇದಕ್ಕೂ ಓಡಿಸುವಾಗ ನನಗಂತೂ ವ್ಯತ್ಯಾಸ ಕಂಡಿಲ್ಲ. ಮೈಲೇಜೂ ಅಷ್ಟೇ. ಪಾಯಿಂಟ್ ಮೊದಲ ದಿನ ಓಡುವ ಹಾಗೆ ಇದು ಆರು ವರ್ಷವೂ ಓಡುತ್ತದೆ, ನಾನು ದುಡ್ಡು ಕೊಟ್ಟಿದ್ದು ಅದಕ್ಕೆ.

ಕಿಟ್ ಹಾಕಿದರೆ ಹಳೆಯ ಡಿಸ್ಟ್ರಿಬ್ಯೂಟರ್ ಹೊಸದಾಗುತ್ತದೆ ಅಂದುಕೊಳ್ಳಬೇಡಿ. ನನ್ನದರಲ್ಲಿ ಎಂಜಿನ್‌ನ ಎಳೆತಕ್ಕೆ ತಕ್ಕಂತೆ ಟೈಮಿಂಗ್ ಸರಿಸುವ ವ್ಯಾಕ್ಯೂಮ್ ಡಯಾಫ್ರಾಮ್ ತೂತಾಗಿತ್ತು, ಅದನ್ನು ಬೇರೆ ಬದಲಿಸಿದೆ. ಮೂರನೇ ವರ್ಷ ಗುಂಡಿ ಹಾರಿದಾಗಲೆಲ್ಲ ಮಿಸ್ಸಿಂಗ್ ಶುರುವಾಯಿತು. ಮಾಡ್ಯೂಲನ್ನೇ ಅನುಮಾನಿಸಿ ಎರಡು ವಾರ ಹಾಳುಮಾಡಿಕೊಂಡೆ. ಕೊನೆಗೆ ನೋಡಿದರೆ ಬೇಸ್ ಪ್ಲೇಟನ್ನು ಡಿಸ್ಟ್ರಿಬ್ಯೂಟರ್‌ನ ಮೈಗೆ ಸೇರಿಸುವ ಪುಟ್ಟ ಅರ್ತ್ ವೈರ್ ಒಳಗೇ ತುಂಡಾಗಿತ್ತು. ಹೊರಗಿನ ಬಟ್ಟೆಯ ಕವಚ ಮಾತ್ರ ಗಟ್ಟಿ ಇತ್ತು. ಕಿಟ್ ಹಾಕುವ ದಿನವೇ ಅದನ್ನೂ ಬದಲಿಸಿಬಿಡಿ.

ಎಂಜಿನ್‌ನ ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್ ಇನ್ನೊಂದು ಕಿರಿಕಿರಿ. ನನ್ನ ಕಾರಿನದು ಕಾಯಿಲ್‌ಗೆ ಹೋಗುವ ಕರೆಂಟ್ ನೋಡಿ ಲೆಕ್ಕ ಹಾಕುವ ಹಳೆಯ ಸ್ಮಿತ್ಸ್ ಮೀಟರ್. ಕಿಟ್ ಹಾಕಿದ ದಿನ ಮುಳ್ಳು ದೇವರು ಬಂದ ಹಾಗೆ ಕುಣಿಯಿತು. ಮಾಡ್ಯೂಲ್‌ನ ಕೆಂಪು ವೈರನ್ನು ಕಾಯಿಲ್‌ನಿಂದ ಬಿಡಿಸಿ ಫ್ಯೂಸ್ ಬಾಕ್ಸಿನ ಬಿಳಿ ವೈರ್‌ಗೆ ಕೊಟ್ಟ ಮೇಲೆ ಬಹುತೇಕ ಸುಮ್ಮನಾಯಿತು. 4000 ದಾಟಿದರೆ ಈಗಲೂ ಒಮ್ಮೊಮ್ಮೆ ಹಾರುತ್ತದೆ. ಅಷ್ಟು ಜೋರಾಗಿ ಓಡಿಸುವುದೂ ಅಪರೂಪ, ಬಿಟ್ಟಿದ್ದೇನೆ.

ಅಪ್ಪ ಕೇಳಿದ್ದಕ್ಕೆ ಉತ್ತರ ಈಗ ಡಿಕ್ಕಿಯಲ್ಲಿದೆ. ಇನ್ನೊಂದು ಬೇಸ್ ಪ್ಲೇಟ್ ಕೊಂಡು, ಅದಕ್ಕೆ ಪಾಯಿಂಟ್ ಮತ್ತು ಓಡಿಸಿ ನೋಡಿದ ಒಂದು ಹಳೆಯ ಕಂಡೆನ್ಸರ್ ಕೂರಿಸಿದೆ. ಒಮ್ಮೆ ಕಾರಿಗೆ ಹಾಕಿ 15 ಥೌ (ಇಂಚಿನ ಸಾವಿರದಲ್ಲಿ 15 ಭಾಗ) ಗ್ಯಾಪ್ ಇಟ್ಟು, ಬಿಗಿ ಮಾಡಿ, ಹಾಗೇ ಬಿಚ್ಚಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಡಿಸ್ಟ್ರಿಬ್ಯೂಟರ್ ಮೈಮೇಲೆ ಎರಡು ಪೇಂಟ್ ಗೆರೆ ಇವೆ, ಮಾಡ್ಯೂಲ್‌ಗೆ ಬಿಳಿ, ಪಾಯಿಂಟ್‌ಗೆ ಹಳದಿ. ಮ್ಯಾಗ್ನೆಟ್ ಉಂಗುರ ಎಳೆದು, ಪ್ಲೇಟ್ ಬದಲಿಸಿ, ಹಳದಿ ಗೆರೆಗೆ ತಿರುಗಿಸಿದರೆ ಮನೆ ಸೇರುವಷ್ಟು ಓಡುತ್ತದೆ. ಶೆಡ್ಡಿನಲ್ಲಿ ಗಡಿಯಾರ ಇಟ್ಟುಕೊಂಡು ಮಾಡಿ ನೋಡಿದೆ, 25 ನಿಮಿಷ ಹಿಡಿಯಿತು. ರಸ್ತೆಯಲ್ಲಿ ಇನ್ನೂ ಆ ಡಬ್ಬಿ ತೆಗೆದಿಲ್ಲ.