ಬೆಳ್ಳುಳ್ಳಿ ಕೈಕೊಟ್ಟ ದಿನ: ಎರಡು ವರ್ಷ ಬಳಸಿದ ಮೆಕ್ಯಾನಿಕಲ್ ಕೀಬೋರ್ಡ್

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ 2,800 ರೂಪಾಯಿಗೆ ತಂದ ಕೀಬೋರ್ಡ್ ಇದು. ಮೆಕ್ಯಾನಿಕಲ್ ಅಂದರೆ ಪ್ರತಿ ಕೀ ಕೆಳಗೂ ಅದರದ್ದೇ ಒಂದು ಸ್ವಿಚ್. ಇದರದ್ದು ನೀಲಿ ಸ್ವಿಚ್, ಅಂದರೆ ಒತ್ತಿದಾಗಲೆಲ್ಲ ಟಕ್ ಅನ್ನುವ ಜಾತಿ. ಲೈಟು, ತೂಕ, ಕೇಬಲ್ ಉದ್ದ ಎಲ್ಲ ಡಬ್ಬದ ಮೇಲೇ ಇರುತ್ತೆ, ಬಿಡಿ. ನನ್ನದು ಅನುವಾದದ ಕೆಲಸ. ಬಸವನಗುಡಿಯ ಮನೆಯಲ್ಲೇ ಕೂತು ದಿನಕ್ಕೆ ನಾಲ್ಕೈದು ಗಂಟೆ 'ನುಡಿ' ತಂತ್ರಾಂಶದಲ್ಲಿ ಕನ್ನಡ ಹೊಡೆಯುತ್ತೇನೆ.

ಯಾವ ಕೀಗೆ ಯಾವ ಕನ್ನಡ ಅಕ್ಷರ ಅಂತ ಕೆ.ಪಿ. ರಾವ್ ರೂಪಿಸಿದ ವಿನ್ಯಾಸ ನುಡಿಯಲ್ಲಿದೆ. ಅದರಲ್ಲಿ ಒತ್ತಕ್ಷರ ಬರಬೇಕಾದರೆ ಎರಡು ಅಕ್ಷರದ ನಡುವೆ ಎಫ್ ಒತ್ತಬೇಕು. ಎಡಗೈ ತೋರುಬೆರಳು ತಾನಾಗೇ ಕೂರುವ ಜಾಗ ಅದು. 'ಅಕ್ಕಪಕ್ಕ' ಹೊಡೆದು ನೋಡಿ. ಎ, ಕೆ-ಎಫ್-ಕೆ, ಪಿ, ಕೆ-ಎಫ್-ಕೆ. ಬಲ, ಎಡ, ಬಲ. ತಬಲಾ ಕಲಿಯದ ನನಗೆ ಇದೇ ತಬಲಾ! 'ಉಪ್ಪಿಟ್ಟು' ಅಷ್ಟು ರುಚಿಸಲ್ಲ, 'ಟ' ಇರುವುದು ಕ್ಯೂ ಮೇಲೆ, ಕಿರುಬೆರಳು ಮೇಲಕ್ಕೆ ಚಾಚಬೇಕು. 'ಬೆಂಗಳೂರು' ಹೊಡೆಯಲು ಎಫ್ ಒಂದು ಸಲವೂ ಬೇಡ, ಶಿಫ್ಟ್ ಮಾತ್ರ ಮೂರು ಕಡೆ ಬೇಕು.

ಎಲ್ಲಕ್ಕಿಂತ ಇಷ್ಟದ ಪದ 'ಬೆಳ್ಳುಳ್ಳಿ'. ಬೆಳಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು, ಖಾಲಿ ಪುಟ ತೆರೆದು, ಮೊದಲು ನಾಲ್ಕು ಸಲ ಬೆಳ್ಳುಳ್ಳಿ ಹೊಡೆಯುತ್ತೇನೆ. 'ಳ'ಗೆ ಶಿಫ್ಟ್ ಬೇಕು, ಎಫ್‌ಗೆ ಬಿಡಬೇಕು, ಮತ್ತೆ ಹಿಡಿಯಬೇಕು. ಬೆರಳುಗಳು ಕುಂಟೆಬಿಲ್ಲೆ ಆಡಿದ ಹಾಗೆ. ಕೊನೆಗೆ ಪರದೆ ಮೇಲೆ ಎರಡು ಒತ್ತು ಜೋತುಬಿದ್ದ ಆ ದುಂಡು ಪದ ನೋಡಬೇಕು. ಅಮ್ಮ ಅಡುಗೆಮನೆಯಿಂದಲೇ ಕೇಳುತ್ತಾರೆ, "ಏನೇ ಅದು, ಅವಲಕ್ಕಿ ಕುಟ್ತಿದ್ದೀಯಾ?"

ಒಂದೂವರೆ ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ಬೆಳಗ್ಗೆ ಪರದೆ ಮೇಲೆ 'ಬೆಳಳುಳಳಿ' ಬಂತು.

ನನ್ನದೇ ತಪ್ಪು ಅಂದುಕೊಂಡೆ. ಮತ್ತೆ ಹೊಡೆದೆ, ಮತ್ತೆ ಬೆಳಳುಳಳಿ. ಎಫ್ ಟಕ್ ಅನ್ನುತ್ತೆ, ಅಕ್ಷರ ಮಾತ್ರ ಕೂಡಿಕೊಳ್ಳಲ್ಲ. ಡಬ್ಬದ ಮೇಲೆ ಒಂದೊಂದು ಕೀ 5 ಕೋಟಿ ಸಲ ಬಾಳುತ್ತೆ ಅಂತ ಅಚ್ಚು ಹಾಕಿದ್ದರು. ನಾನು ಅಷ್ಟು ಒತ್ತಕ್ಷರ ಬರೆದಿಲ್ಲ, ಆಣೆ ಮಾಡಿ ಹೇಳ್ತೀನಿ. ವಾರಂಟಿ ಒಂದೇ ವರ್ಷ, ಮುಗಿದಿತ್ತು. ಸ್ವಿಚ್ ಕಿತ್ತು ಹೊಸದು ಹಾಕೋಣ ಅಂದರೆ, "ಮೇಡಂ, ಇದು ಬೋರ್ಡಿಗೇ ಬೆಸುಗೆ ಹಾಕಿರೋದು, ಸುಮ್ನೆ ಎಳೆದರೆ ಬರಲ್ಲ" ಅಂದರು ರಿಪೇರಿ ಅಂಗಡಿಯವರು. ಒಂದು ವಾರ ಲ್ಯಾಪ್‌ಟಾಪಿನ ಚಪ್ಪಟೆ ಕೀಗಳಲ್ಲಿ ಕೆಲಸ ಮಾಡಿದೆ. ಆ ವಾರ ಬೆಳ್ಳುಳ್ಳಿಯೂ ಇಲ್ಲ, ಏನೂ ಇಲ್ಲ.

ಇಂಗ್ಲಿಷ್ ಜಾಸ್ತಿ ಹೊಡೆಯುವವರು ಕಣ್ಣುಮುಚ್ಚಿ ತಗೊಳ್ಳಿ. ಅವರಿಗೆ ಎಫ್ ಇಷ್ಟೊಂದು ಸಲ ಬೇಕಾಗಲ್ಲ. ದಿನವಿಡೀ ಕನ್ನಡ ಹೊಡೆಯುವವರು ಸ್ವಿಚ್ ಕಿತ್ತು ಬದಲಿಸಬಹುದಾದ ಮಾಡೆಲನ್ನೇ ಕೇಳಿ, ಸಾವಿರ ರೂಪಾಯಿ ಜಾಸ್ತಿಯಾದರೂ ಪರವಾಗಿಲ್ಲ. ನನ್ನ ಕಡೆಯಿಂದ ಐದಕ್ಕೆ ಮೂರು.

ರಿಪೇರಿಗೆ 250 ರೂಪಾಯಿ ಆಯಿತು. ಅಂಗಡಿಯಲ್ಲಿ ನೀಲಿ ಸ್ವಿಚ್ ಇರಲಿಲ್ಲ, ಕಂದು ಬಣ್ಣದ್ದು ಹಾಕಿಕೊಟ್ಟರು. ಅದಕ್ಕೆ ಟಕ್ ಇಲ್ಲ. ಹಾಗಾಗಿ ಈಗ ಒತ್ತಕ್ಷರದ ಕೀ ಒಂದೇ ಮೆತ್ತಗೆ ಬೀಳುತ್ತೆ. 'ಅಕ್ಕಪಕ್ಕ'ದ ತಾಳ ಬದಲಾಗಿದೆ. ಅಮ್ಮನಿಗೆ ಗೊತ್ತಾಗಿಲ್ಲ.