ನಾಲ್ಕು ವರ್ಷ, 58,000 ಕಿ.ಮೀ.: ಕಲಬುರಗಿ ಬಿಸಿಲಲ್ಲಿ ಟರ್ಬೊ ಕಾರು

2021ರ ಕೊನೆಯಲ್ಲಿ ನಮ್ಮ ಮನೆಗೆ ಹ್ಯುಂಡೈ ಐ20 ಎನ್ ಲೈನ್ ಬಂತು. ಟರ್ಬೊ ಪೆಟ್ರೋಲ್ ಎಂಜಿನ್ (ಅಂದರೆ ಹೊರಹೋಗುವ ಹೊಗೆಯ ಬಲದಿಂದಲೇ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ ಇರುವಂಥದ್ದು), ಏಳು ಗೇರಿನ ಡಿಸಿಟಿ, ಅಂದರೆ ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಈಗ ಮೀಟರ್ 58,000 ದಾಟಿದೆ. ಅದರ ಪಕ್ಕದಲ್ಲಿ ನಿಲ್ಲೋದು 2012ರ ಹೋಂಡಾ ಸಿಟಿ, 1.5 ಐ-ವಿಟೆಕ್. ಅದಕ್ಕೆ ಟರ್ಬೊ ಇಲ್ಲ, ಗಾಳಿಯನ್ನು ತಾನೇ ಎಳೆದುಕೊಳ್ಳುವ ಎಂಜಿನ್. ಮೊದಲು ಅದನ್ನು ನಾನೇ ಓಡಿಸುತ್ತಿದ್ದೆ, ಈಗ ಅಣ್ಣನ ಕೈಯಲ್ಲಿದೆ. ಆದರೂ ತಿಂಗಳಿಗೆ ಎರಡು ಮೂರು ಸಲ ಕೀ ಇಸ್ಕೊಂಡು ಹೋಗುತ್ತೇನೆ. ಎರಡನ್ನೂ ಒಂದೇ ರಸ್ತೆಯಲ್ಲಿ, ಒಂದೇ ಬಿಸಿಲಲ್ಲಿ ಓಡಿಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಎರಡೂ ಪೂರ್ತಿ ಸ್ಪೋರ್ಟ್ಸ್ ಕಾರುಗಳಲ್ಲ. ಆದರೆ ಟರ್ಬೊ ಬೇಕಾ, ಬೇಡ್ವಾ ಅನ್ನೋ ಪ್ರಶ್ನೆ ಪೋರ್ಷೆ ಕೊಳ್ಳುವವರಿಗೂ ಇದೆ, ನಮಗೂ ಇದೆ.

ಕಾಗದದ ಮೇಲೆ ನೋಡಿದರೆ ಇವೆರಡು ಅವಳಿ ಜವಳಿ. ಐ20ದು 998 ಸಿಸಿ, ಮೂರು ಸಿಲಿಂಡರ್, 6,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತುವ ಲೆಕ್ಕ) 120 ಪಿಎಸ್, ಅಂದರೆ ಅಶ್ವಶಕ್ತಿ. ಸಿಟಿಯದು 1,497 ಸಿಸಿ, ನಾಲ್ಕು ಸಿಲಿಂಡರ್, 6,600ರಲ್ಲಿ 118 ಪಿಎಸ್. ಕುದುರೆಗಳ ಲೆಕ್ಕ ಸರಿಸುಮಾರು ಒಂದೇ. ವ್ಯತ್ಯಾಸ ಇರೋದು ಟಾರ್ಕ್‌ನಲ್ಲಿ, ಅಂದರೆ ಎಂಜಿನ್ನಿನ ತಿರುಗಿಸುವ ಬಲದಲ್ಲಿ; ಅದನ್ನು ಎನ್‌ಎಂನಲ್ಲಿ ಅಳೆಯುತ್ತಾರೆ. ಟರ್ಬೊ ಎಂಜಿನ್ 172 ಎನ್‌ಎಂ ಅನ್ನು 1,500 ಆರ್‌ಪಿಎಂಗೇ ಕೊಟ್ಟು 4,000ದವರೆಗೂ ಹಿಡಿದಿಡುತ್ತದೆ. ಸಿಟಿ 146 ಎನ್‌ಎಂ ಕೊಡಬೇಕಾದರೆ ಮುಳ್ಳು 4,800ಕ್ಕೆ ಏರಬೇಕು.

ಇದರ ಅರ್ಥ ಏನು ಅಂತ ಅಫಜಲಪುರ ರಸ್ತೆಯಲ್ಲಿ ಕಬ್ಬಿನ ಸೀಸನ್‌ನಲ್ಲಿ ಗೊತ್ತಾಗುತ್ತದೆ. ಮುಂದೆ ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್, ಕಬ್ಬು ಎರಡೂ ಕಡೆ ಚಾಚಿಕೊಂಡಿರುತ್ತದೆ, ಎದುರಿಗೆ ಏನು ಬರುತ್ತಿದೆ ಅಂತ ಇಣುಕಿದರೂ ಕಾಣೋದಿಲ್ಲ. ಸಿಟಿಯಲ್ಲಾದರೆ ಮೊದಲೇ ಮೂರನೇ ಗೇರಿಗೆ ಇಳಿಸಿ, ಎಂಜಿನ್ ಕೂಗಿಸಿ, ಜಾಗ ಸಿಕ್ಕ ಕ್ಷಣಕ್ಕೆ ತಯಾರಾಗಿ ಇರಬೇಕು. ಐ20ಯಲ್ಲಿ ಕಾಲು ಒತ್ತಿದರೆ ಸಾಕು. ಅರ್ಧ ಸೆಕೆಂಡು ಏನೂ ಆಗೋದಿಲ್ಲ, ಆಮೇಲೆ ಹಿಂದಿನಿಂದ ಯಾರೋ ದೂಡಿದ ಹಾಗೆ ಕಾರು ಮುಂದಕ್ಕೆ ಹೋಗುತ್ತದೆ. ಎರಡು ಟ್ರಾಲಿ ದಾಟುವಷ್ಟು ಹೊತ್ತು ಎದುರಿನ ಲೇನಿನಲ್ಲಿ ಇರಬೇಕಲ್ವಾ, ಆ ಹೊತ್ತನ್ನು ಟರ್ಬೊ ಕಡಿಮೆ ಮಾಡುತ್ತದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಿಸುವ ನನಗೆ ಇದು ಭಾಳ ದೊಡ್ಡ ಮಾತು.

ಆ ಅರ್ಧ ಸೆಕೆಂಡಿನ ಬಗ್ಗೆಯೂ ಹೇಳಬೇಕು. ಎಂಜಿನ್ನಿಂದ ಹೊರಹೋಗುವ ಬಿಸಿ ಹೊಗೆ ಟರ್ಬೈನನ್ನು ತಿರುಗಿಸಬೇಕು, ಅದು ಇನ್ನೊಂದು ತುದಿಯ ಕಂಪ್ರೆಸರನ್ನು ತಿರುಗಿಸಬೇಕು, ಆಗ ಸಿಲಿಂಡರಿಗೆ ಹೆಚ್ಚು ಗಾಳಿ. ಇಷ್ಟೆಲ್ಲ ಆಗೋದಕ್ಕೆ ಸ್ವಲ್ಪ ಹೊತ್ತು ಬೇಕೇ ಬೇಕು. ನೆಟ್ಟಗಿನ ರಸ್ತೆಯಲ್ಲಿ ಅದು ಲೆಕ್ಕಕ್ಕಿಲ್ಲ. ಆದರೆ ಚಿಂಚೋಳಿ ಕಾಡಿನ ಕಡೆ, ಚಂದ್ರಂಪಳ್ಳಿ ಡ್ಯಾಮಿಗೆ ಹೋಗುವಾಗ ತಿರುವುಗಳಲ್ಲಿ ನನಗೆ ಸಿಟಿಯೇ ಇಷ್ಟ. ಕಾಲು ಎಷ್ಟು ಒತ್ತುತ್ತೀರೋ ಎಂಜಿನ್ ಅಷ್ಟೇ, ಆಗಲೇ ಕೊಡುತ್ತದೆ. ಹೆಚ್ಚಿಲ್ಲ, ಕಡಿಮೆ ಇಲ್ಲ. 5,000 ದಾಟಿದ ಮೇಲೆ ಅದರ ದನಿ ಏರುವ ರೀತಿ ಇದೆಯಲ್ಲ, ಅದು ನಮ್ಮ ಮೂರು ಸಿಲಿಂಡರಿಗೆ ಬರೋದಿಲ್ಲ. ಅಣ್ಣ ಒಂದೇ ಮಾತಲ್ಲಿ ಹೇಳಿಬಿಟ್ಟ: "ನಿನ್ನ ಗಾಡಿ ದೂಕ್ತದ, ನನ್ನ ಗಾಡಿ ಓಡ್ತದ."

ದೊಡ್ಡವರ ಲೋಕದಲ್ಲೂ ಇದೇ ಜಗಳ. ಫೆರಾರಿ 458 ಇಟಾಲಿಯಾದಲ್ಲಿ 4.5 ಲೀಟರ್ ಎಂಜಿನ್ ಟರ್ಬೊ ಇಲ್ಲದೆ 9,000 ಆರ್‌ಪಿಎಂನಲ್ಲಿ 570 ಪಿಎಸ್ ಕೊಡುತ್ತಿತ್ತು. 2015ರಲ್ಲಿ ಅದರ ಜಾಗಕ್ಕೆ ಬಂದ 488 ಟರ್ಬೊ ಹಾಕಿಕೊಂಡು 670 ಪಿಎಸ್‌ಗೆ ಏರಿತು. ಅಂಕಿಯಲ್ಲಿ ಹೊಸದೇ ಗೆದ್ದಿತು, ಆದರೆ 458ರ ಕೂಗನ್ನು ಜನ ಇವತ್ತಿಗೂ ನೆನೆಸಿಕೊಳ್ಳುತ್ತಾರೆ. ಪೋರ್ಷೆ 2016ರಲ್ಲಿ ಕೇಮನ್‌ನ ಆರು ಸಿಲಿಂಡರ್ ತೆಗೆದು ನಾಲ್ಕು ಸಿಲಿಂಡರ್ ಟರ್ಬೊ ಹಾಕಿತು. ದನಿ ಸರಿಯಿಲ್ಲ ಅಂತ ಅಭಿಮಾನಿಗಳು ಬಹಳ ಬೇಜಾರು ಮಾಡಿಕೊಂಡರು. 2020ರಲ್ಲಿ ಕೇಮನ್‌ನ ಜಿಟಿಎಸ್ ಮಾದರಿಗೆ ಟರ್ಬೊ ಇಲ್ಲದ 4.0 ಲೀಟರ್, ಆರು ಸಿಲಿಂಡರ್ ಎಂಜಿನ್ ಮತ್ತೆ ಬಂತು. ಅಂಕಿಯಲ್ಲಿ ಸಿಗದ ಏನೋ ಒಂದು ಆ ಎಂಜಿನ್‌ಗಳಲ್ಲಿ ಇದೆ ಅಂತಲೇ ನಾನೂ ನಂಬುತ್ತೇನೆ.

ಈಗ ನಮ್ಮೂರಿನ ನಿಜವಾದ ವಿಷಯಕ್ಕೆ ಬರ್ತೀನಿ. ಬಿಸಿಲು.

ನನ್ನ ಐ20 ಡಿಸೆಂಬರ್‌ನಲ್ಲಿ ಒಂದು ಕಾರು, ಮೇ ತಿಂಗಳಲ್ಲಿ ಇನ್ನೊಂದು ಕಾರು. ಚಳಿಗಾಲದಲ್ಲಿ ಬೆಳಿಗ್ಗೆ ಐದಕ್ಕೆ ಹೊರಟು ಕಮಲಾಪುರ, ಹುಮನಾಬಾದ್ ಮೇಲೆ ಬೀದರ್‌ಗೆ ಹೋಗಿ ನೋಡಿ. ಕಾಲು ಇಟ್ಟಲ್ಲಿ ಎಳೆಯುತ್ತದೆ, ಗಾಡಿ ಗಾಳಿ ಕುಡಿದ ಹಾಗೆ ಹೋಗುತ್ತದೆ. ಅದೇ ಕಾರನ್ನು ಮೇ ಮಧ್ಯಾಹ್ನ 43 ಡಿಗ್ರಿಯಲ್ಲಿ ಸೂಪರ್ ಮಾರ್ಕೆಟ್ ಸುತ್ತ ಇಪ್ಪತ್ತು ನಿಮಿಷ ತೆವಳಿಸಿ, ಆಮೇಲೆ ಹೈವೇಗೆ ತಂದು ಒತ್ತಿ. ಮೊದಲ ಎರಡು ಮೂರು ನಿಮಿಷ ಮಂಕಾಗಿರುತ್ತದೆ.

ಕಾರಣ ಇಷ್ಟೇ. ಬಿಸಿ ಗಾಳಿ ತೆಳು. 25 ಡಿಗ್ರಿಯ ಗಾಳಿಗಿಂತ 43 ಡಿಗ್ರಿಯ ಗಾಳಿ ಸುಮಾರು 6% ತೆಳುವಾಗಿರುತ್ತದೆ. ಇದು ಸಿಟಿಗೂ ಹೊಡೆಯುತ್ತದೆ. ಆದರೆ ಟರ್ಬೊ ಗಾಳಿಯನ್ನು ಒತ್ತುತ್ತದೆ, ಒತ್ತಿದ ಗಾಳಿ ಇನ್ನೂ ಕಾಯುತ್ತದೆ. ಸೈಕಲ್ ಪಂಪು ಹೊಡೆದಾಗ ತುದಿ ಬಿಸಿಯಾಗುತ್ತದಲ್ಲ, ಹಾಗೆ. ಅದನ್ನು ಆರಿಸೋಕೆ ಇಂಟರ್‌ಕೂಲರ್ ಇದೆ. ಆದರೆ ಇಂಟರ್‌ಕೂಲರ್ ಆರಿಸೋದು ಹೊರಗಿನ ಗಾಳಿಯಿಂದಲೇ. ಹೊರಗಿನ ಗಾಳಿಯೇ ಕೆಂಡದ ಹಾಗಿದ್ದು, ಕಾರು ನಿಂತಲ್ಲೇ ನಿಂತಿದ್ದರೆ ಅದೇನು ಮಾಡೀತು? ಪೆಟ್ರೋಲ್ ಹೊತ್ತಿಗೆ ಮುಂಚೆ ಹೊತ್ತಿಕೊಂಡು ಎಂಜಿನ್ ಬಡಿಯದಿರಲಿ ಅಂತ ಕಂಪ್ಯೂಟರ್ ಕಿಡಿಯ ಟೈಮಿಂಗ್ ಹಿಂದಕ್ಕೆ ಸರಿಸುತ್ತದೆ. ಅಲ್ಲಿಗೆ ಶಕ್ತಿ ಇಳಿಯಿತು. ವೇಗ ಹಿಡಿದು ಗಾಳಿ ಆಡಿದ ಮೇಲೆ ಸರಿಹೋಗುತ್ತದೆ.

2024ರ ಬೇಸಿಗೆಯಲ್ಲಿ ಮಾತ್ರ ಹೈವೇ ಮೇಲೂ ಅದು ಸರಿಹೋಗಲಿಲ್ಲ. ಟರ್ಬೊ ಹೋಯಿತೇನೋ ಅಂತ ಹೆದರಿದ್ದೆ. ಪರಿಚಯದ ಮೆಕ್ಯಾನಿಕ್ ಮುಂದಿನ ಬಂಪರ್ ಬಿಚ್ಚಿ, ಟಾರ್ಚ್ ಹಿಡಿದು ನನ್ನನ್ನೇ ಕರೆದು ತೋರಿಸಿದ. ಇಂಟರ್‌ಕೂಲರಿನ ತೆಳು ತಗಡಿನ ಸಂದುಗಳಲ್ಲಿ ತೊಗರಿ ಹೊಟ್ಟು ಕೂತಿತ್ತು. ತುಂಬಾ ಸಣ್ಣ, ಕಂದು ಬಣ್ಣದ ಸಿಪ್ಪೆ, ಬೆರಳಿಂದ ಒತ್ತಿದರೆ ಮೆತ್ತೆಯ ಹಾಗೆ. ಅದರ ಮೇಲೆ ಸತ್ತ ಹುಳ, ಅದರ ಮೇಲೆ ಸೇಡಂ ರಸ್ತೆಯ ಸಿಮೆಂಟ್ ಧೂಳು ಬೂದಿ ಬಣ್ಣದ ಪದರವಾಗಿ ಗಟ್ಟಿಯಾಗಿತ್ತು. ಜನವರಿಯಲ್ಲಿ ಹಳ್ಳಿ ರಸ್ತೆಗಳ ಮೇಲೆ ತೊಗರಿ ರಾಶಿ ಮಾಡಿರುತ್ತಾರಲ್ಲ, ಅದರ ಪಕ್ಕದಲ್ಲಿ ಹಾದು ಹಾದು ಬಂದದ್ದು. ಒಳಗಿನ ಕಡೆಯಿಂದ ಮೆಲ್ಲಗೆ ನೀರು ಬಿಟ್ಟು ತೊಳೆದ. ಪ್ರೆಶರ್ ಜಾಸ್ತಿ ಆದರೆ ತಗಡು ಮಡಚಿಕೊಳ್ಳುತ್ತದೆ, ಜೋಪಾನ. ಅವತ್ತೇ ಸಂಜೆ ಜೇವರ್ಗಿ ರಸ್ತೆಯಲ್ಲಿ ಕಟ್ಟಿಸಂಗಾವಿ ಸೇತುವೆವರೆಗೆ ಹೋಗಿ ಬಂದೆ. ಹಳೆಯ ಕಾರು ವಾಪಸ್ ಸಿಕ್ಕಿತ್ತು. ಈಗ ಪ್ರತಿ ವರ್ಷ ಫೆಬ್ರವರಿಯಲ್ಲಿ, ರಾಶಿ ಮುಗಿದ ಮೇಲೆ, ಇದನ್ನು ತಪ್ಪದೆ ಮಾಡಿಸುತ್ತೇನೆ. ಏರ್ ಫಿಲ್ಟರ್ ಕೂಡ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮೊದಲೇ ಬದಲಿಸುತ್ತೇನೆ.

ಇನ್ನೊಂದು ಸಲ ಒಂದು ಗ್ಯಾರೇಜಿನಲ್ಲಿ ಬೇರೆ ಕೆಲಸಕ್ಕೆ ಕೊಟ್ಟಾಗ ಇಂಟರ್‌ಕೂಲರ್ ಪೈಪಿನ ಕ್ಲಾಂಪ್ ಸರಿಯಾಗಿ ಬಿಗಿಯಲಿಲ್ಲ. ಕಾಲು ಒತ್ತಿದಾಗೆಲ್ಲ ಸುಂಯ್ ಅಂತ ಸದ್ದು, ಎಳೆತ ಇಲ್ಲ. ಹತ್ತು ನಿಮಿಷದ ಕೆಲಸ, ಆದರೆ ಹುಡುಕೋಕೆ ನಾಲ್ಕು ದಿನ ಹಿಡಿಯಿತು. ಸಿಟಿಯಲ್ಲಿ ಇಂಥ ಪೈಪೇ ಇಲ್ಲ. ಟರ್ಬೊ ಕೊಳ್ಳುವವರು ಅದನ್ನು ಬಲ್ಲ ಮೆಕ್ಯಾನಿಕ್‌ನನ್ನು ಮೊದಲು ಹುಡುಕಿಕೊಳ್ಳಬೇಕು, ಕಾರು ಆಮೇಲೆ.

ಆಯಿಲ್ ವಿಷಯದಲ್ಲಿ ನಾನು ಯಾರ ಮಾತೂ ಕೇಳೋದಿಲ್ಲ. 10,000 ಕಿ.ಮೀ.ವರೆಗೆ ಕಾಯದೆ 7,000ಕ್ಕೇ ಬದಲಿಸುತ್ತೇನೆ, ಕಂಪನಿ ಹೇಳಿದ ಗ್ರೇಡೇ ಹಾಕಿಸುತ್ತೇನೆ. ಪೆಟ್ರೋಲ್ ಟರ್ಬೊಗೆ ಬರುವ ಹೊಗೆ ಜೋರಾಗಿ ಓಡಿಸಿದಾಗ 900 ಡಿಗ್ರಿ ಮುಟ್ಟುತ್ತದೆ. ಅದರ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವಾಗ ಅದನ್ನು ಕಾಪಾಡೋದು ಒಂದು ತೆಳು ಆಯಿಲ್ ಪದರ. ಜೋರಾಗಿ ಬಂದು ಗಕ್ಕನೆ ಆಫ್ ಮಾಡಿದರೆ ಆ ಆಯಿಲ್ ಅಲ್ಲೇ ಸುಟ್ಟು ಕರಕಲಾಗಬಹುದು. ಹೈದರಾಬಾದಿಗೆ ಹೋಗುವಾಗ ಹುಮನಾಬಾದ್ ಹತ್ತಿರ ಚಹಾಕ್ಕೆ ನಿಲ್ಲಿಸಿದರೆ ಒಂದು ನಿಮಿಷ ಎಂಜಿನ್ ಸುಮ್ನೆ ಓಡಲು ಬಿಡುತ್ತೇನೆ. ಮನೆಯವರು ಇಳಿದು ಹೋಗಿ ಆರ್ಡರ್ ಮಾಡಿರುತ್ತಾರೆ, ಅಷ್ಟರಲ್ಲಿ ಅದೂ ಆಗಿರುತ್ತದೆ.

ಮೈಲೇಜು ಪೂರ್ತಿ ನಿಮ್ಮ ಕಾಲಿನ ಮೇಲೆ. 90ರಲ್ಲಿ ಸಮಾಧಾನವಾಗಿ ಹೋದರೆ ಹೈವೇಯಲ್ಲಿ ನನಗೆ 17 ಬಂದಿದೆ. ಅದೇ ರಸ್ತೆಯಲ್ಲಿ ಒತ್ತಿ ಓಡಿಸಿದ ದಿನ 11. ಊರೊಳಗೆ 10ರ ಆಸುಪಾಸು. ಸಿಟಿ ಹೇಗೆ ಓಡಿಸಿದರೂ 13ರಿಂದ 16ರೊಳಗೇ ಇರುತ್ತದೆ. ಟೈರು, ಬ್ರೇಕು ಬಗ್ಗೆ ದೂರಿಲ್ಲ. ಸಸ್ಪೆನ್ಷನ್ ಸ್ವಲ್ಪ ಬಿರುಸು, ರಿಂಗ್ ರಸ್ತೆಯ ಗುಂಡಿಗಳಲ್ಲಿ ಗೊತ್ತಾಗುತ್ತದೆ.

ನನಗೆ ಮತ್ತೆ ಆರಿಸು ಅಂದರೆ ಟರ್ಬೊವನ್ನೇ ಆರಿಸುತ್ತೇನೆ. ನಮ್ಮ ಕಡೆಯ ಎರಡು ಲೇನಿನ ರಸ್ತೆಗಳಲ್ಲಿ ಆ 1,500 ಆರ್‌ಪಿಎಂನ ಎಳೆತಕ್ಕೆ ಬೇರೆ ಬದಲಿಲ್ಲ. ಆದರೆ ದಿನಾ ಊರೊಳಗೇ ಹತ್ತು ಕಿ.ಮೀ. ಓಡಿಸುವವರು, ಸರ್ವಿಸ್ ಮುಂದೂಡುವವರು ಟರ್ಬೊ ಇಲ್ಲದ್ದನ್ನೇ ತಗೊಳ್ಳಿ. ಸಿಟಿಯನ್ನು ಮಾರೋಣ ಅಂತ ಅಣ್ಣ ಹೋದ ದೀಪಾವಳಿಗೆ ಕೇಳಿದ. ನಾನೇ ಬೇಡ ಅಂದೆ. ಚಿಂಚೋಳಿಗೆ ಹೋಗಬೇಕು ಅನ್ನಿಸಿದಾಗ ಕೀ ಕೇಳೋಕೆ ಅದು ಮನೆಯಲ್ಲೇ ಇರಲಿ.